ಅನ್ನ ಕುದಿಯುವಷ್ಟು ಹೊತ್ತು

ಅಕ್ಕಿ ನೆನೆಯಲು ಹಾಕಿ ಬಂದು ಕೂತಿದ್ದೇನೆ. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಾರೆ. ಅವರ ತುಟಿ ಅಲ್ಲಾಡುತ್ತಿದೆ, ಕೈಯೂ ನಡುನಡುವೆ ಮೇಲೇಳುತ್ತಿದೆ. ಏನೋ ಹೇಳುತ್ತಿದ್ದಾರೆ. ಒಲೆ ಹಚ್ಚಿಲ್ಲವಾದ್ದರಿಂದ ನನಗೆ ಕೇಳಿಸುವುದಿಲ್ಲ, ಅದು ಅವರಿಗೂ ಗೊತ್ತು. ಸಂಜೆ ಹೇಳಬೇಕಾದ್ದನ್ನು ಈಗಲೇ ಒಮ್ಮೆ ಬಾಯಲ್ಲಿ ತಿರುಗಿಸಿ ಇಟ್ಟುಕೊಳ್ಳುತ್ತಾರೆ, ಬೆಂಕಿ ಉರಿಯುವ ಹೊತ್ತಿನಲ್ಲಿ ತಡವರಿಸಬಾರದು ಎಂದು. ನಾನು ಬರೆಯುತ್ತೇನೆ. ಬರೆಯುವುದಕ್ಕೆ ಬೆಂಕಿ ಬೇಡ.

ನಮ್ಮ ಊರಿನಲ್ಲಿ ಮನುಷ್ಯರ ದನಿಗೆ ಬೆಂಕಿ ಬೇಕು. ಪಾತ್ರೆ ಬಿದ್ದರೆ ಕೇಳಿಸುತ್ತದೆ, ಕಾಗೆ ಕೂಗಿದರೆ ಕೇಳಿಸುತ್ತದೆ, ಬಾಗಿಲು ಕಿರುಗುಟ್ಟುವುದೂ ಕೇಳಿಸುತ್ತದೆ. ಮನುಷ್ಯರ ಮಾತು, ಅಳು, ನಗು, ಹಾಡು ಮಾತ್ರ ಹತ್ತಿರದಲ್ಲಿ ಬೆಂಕಿ ಉರಿಯುತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೀಪದ ಕುಡಿ ಸಾಲದು, ಒಂದು ಪಾತ್ರೆ ನೀರು ಕುದಿಸುವಷ್ಟಾದರೂ ಉರಿ ಇರಬೇಕು. ಅದೂ ಆ ಕೋಣೆಗೆ ಮಾತ್ರ, ಗೋಡೆಯಾಚೆಗೆ ದಾಟುವುದಿಲ್ಲ. ಅದಕ್ಕೇ ಇಲ್ಲಿ ಹೆರಿಗೆಯ ಕೋಣೆಯಲ್ಲಿ ಒಲೆ ಹಚ್ಚಿ ಕಾಯುತ್ತಾರೆ, ಮಗುವಿನ ಮೊದಲ ಅಳು ವ್ಯರ್ಥವಾಗಬಾರದು ಎಂದು. ಆಮೇಲೆ ಮಗುವಿನ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಅಳುವ ಮಗು ಕಾಲು ಒದೆಯುತ್ತದೆ, ಗೆಜ್ಜೆ ಕೇಳಿ ತಾಯಿ ಓಡಿ ಬರುತ್ತಾಳೆ. ಒಲೆ ಹೊತ್ತಿಕೊಂಡಾಗ ಮೊದಲು ಬಾಯಿ ಬಿಟ್ಟವರು "ಕೇಳ್ತಾ?" ಅನ್ನಬೇಕು, ಉಳಿದವರು "ಕೇಳ್ತು" ಅನ್ನಬೇಕು. ಅದಾದ ಮೇಲೆಯೇ ಬೇರೆ ಮಾತು. ಎಷ್ಟೇ ಅವಸರವಿದ್ದರೂ, ಜಗಳವನ್ನೇ ಶುರು ಮಾಡುವವರಾದರೂ ಇದೊಂದನ್ನು ಬಿಡುವುದಿಲ್ಲ.

ನಾನು ಈ ಮನೆಗೆ ಮದುವೆಯಾಗಿ ಬಂದಾಗ ಸೀಮೆಎಣ್ಣೆ ಅಗ್ಗವಿತ್ತು. ಅಡುಗೆ ಇಳಿಸಿದ ಮೇಲೂ ಒಲೆಯನ್ನು ಸ್ವಲ್ಪ ಹೊತ್ತು ಹಾಗೇ ಬಿಡುತ್ತಿದ್ದೆವು. ಅದಕ್ಕೆ ಬರಿ ಉರಿ ಅನ್ನುತ್ತಾರೆ. ಮೇಲೆ ಪಾತ್ರೆಯಿಲ್ಲದ, ಬರೀ ಮಾತಿಗೆಂದು ಉರಿಯುವ ಬೆಂಕಿ. ನಮ್ಮನೆಯವರು ಊಟ ಮಾಡಿ ಆ ಬರಿ ಉರಿಯ ಪಕ್ಕದಲ್ಲಿ ಕೂತು ಉಪ್ಪಿನ ಲಾರಿಯ ಕಥೆಗಳನ್ನೆಲ್ಲ ಹೇಳುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಯಾರಾದರೂ ಬರಿ ಉರಿ ಅಂದರೆ ಅದು ಬೈಗುಳ. "ಓಹೋ, ಬರಿ ಉರಿ ಉರಿಸೋ ಜನ ನೀವು" ಅಂದರೆ ದುಡ್ಡಿನ ಮದ ಎಂದು ಅರ್ಥ.

ಸುತ್ತ ಉಪ್ಪಿನ ಬಯಲು. ಮರವಿಲ್ಲ, ದನ ಮೇಯಲು ಹುಲ್ಲಿಲ್ಲ. ಹಾಗಾಗಿ ಸೌದೆಯೂ ಇಲ್ಲ, ಬೆರಣಿಯೂ ಇಲ್ಲ. ಎಲ್ಲರೂ ಎಣ್ಣೆ ಡಿಪೋವನ್ನೇ ನಂಬಿದವರು. ಡಿಪೋದ ಮುಂದಿನ ಕರಿ ಹಲಗೆಯಲ್ಲಿ ಬೆಲೆ ಬರೆದಿರುತ್ತದೆ. ಅದನ್ನು ಅಳಿಸಿ ಅಳಿಸಿ ಹಲಗೆಯ ಆ ಜಾಗ ಬೂದಿ ಬಣ್ಣಕ್ಕೆ ತಿರುಗಿದೆ. ಸಾಲಿನಲ್ಲಿ ನಿಂತವರೆಲ್ಲ ಕ್ಯಾನು ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಾರೆ. ಗಲ್ಲಾದ ಪಕ್ಕದಲ್ಲಿ ಡಿಪೋದವನು ಒಂದು ಸ್ಟವ್ ಹಚ್ಚಿಟ್ಟಿರುತ್ತಾನೆ. ಅದರ ಹತ್ತಿರ ಬಂದವರಿಗೆ ಮಾತ್ರ ಬಾಯಿ. ಹೋದ ತಿಂಗಳು ನನ್ನ ಮುಂದಿದ್ದ ಹೆಂಗಸು ಅಲ್ಲಿಗೆ ತಲುಪಿದ್ದೇ ತಡ, "ಕೇಳ್ತಾ?" ಅಂದವಳೇ ಶುರು ಮಾಡಿದಳು. "ಮೊನ್ನೆ ತಾನೇ ಏರಿಸಿದ್ದೆ, ಮತ್ತೆ ಏರಿಸಿದ್ದೀಯಲ್ಲೋ, ನಿನ್ನ ಮನೆ ಹಾಳಾಗ..."

"ಕೇಳ್ತು ಕಣಮ್ಮ. ಏರಿಸೋನು ನಾನಲ್ಲ, ಏರಿದ್ದನ್ನ ಬರೆಯೋನು" ಎಂದು ಅವನು ಸ್ಟವ್ವಿನ ಬತ್ತಿ ಇಳಿಸಿಬಿಟ್ಟ. ಅವಳ ಬೈಗುಳ ಅರ್ಧಕ್ಕೇ ನಿಂತಿತು. ಬಾಯಿ ಮಾತ್ರ ಆಡುತ್ತಲೇ ಇತ್ತು. ಅವಳು ಬೈದು ಮುಗಿಸಿ ಕ್ಯಾನು ಎತ್ತಿಕೊಂಡ ಮೇಲೆ ಅವನು ಬತ್ತಿ ಏರಿಸಿ, "ಕೇಳ್ತಾ? ಹೂಂ, ಮುಂದಿನವರು ಬನ್ನಿ" ಅಂದ. ನನಗೆ ನಗು ಬಂತು. ನನ್ನ ಕ್ಯಾನಿಗೆ ಬಿದ್ದ ಎಣ್ಣೆ ನೋಡಿದ ಮೇಲೆ ಆ ನಗು ಹೋಯಿತು.

ಉಳಿಸುವುದಕ್ಕೆ ಏನೇನು ಮಾಡಬಹುದೋ ಎಲ್ಲ ಮಾಡಿದ್ದೇನೆ. ಬೇಳೆ ಹಿಂದಿನ ದಿನವೇ ನೆನೆಯುತ್ತದೆ. ಬೆಳಗಿನ ತಿಂಡಿಗೆ ಒಲೆಯೇ ಇಲ್ಲ. ಅವಲಕ್ಕಿಯನ್ನು ತಣ್ಣೀರಿನಲ್ಲಿ ತೋಯಿಸಿ ಉಪ್ಪು, ಹುಣಸೆ ಹಿಂಡುತ್ತೇನೆ, ಇಲ್ಲವೇ ಹುರಿಗಡಲೆ ಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸುತ್ತೇನೆ. ಸ್ನಾನದ ನೀರು ಬಿಸಿಲಿನಲ್ಲಿಟ್ಟ ಕೊಡದ್ದು. ಸಂಜೆ ಒಂದೇ ಸಲ ಒಲೆ. ಸಾರು ಕುದಿಸಿ ಇಳಿಸಿ, ಅನ್ನಕ್ಕೆ ಇಟ್ಟು, ಅದಕ್ಕೊಂದು ಕುದಿ ಬಂದ ಕೂಡಲೇ ಬತ್ತಿ ಇಳಿಸಿಬಿಡುತ್ತೇನೆ. ಪಾತ್ರೆಯನ್ನು ಮುಚ್ಚಳದ ಸಮೇತ ಹಳೇ ಕಂಬಳಿಯಲ್ಲಿ ಸುತ್ತಿ ಮೂಲೆಯಲ್ಲಿಟ್ಟರೆ ಉಳಿದದ್ದು ಅದರೊಳಗೇ ಬೇಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಮಾತು ಅಂದರೆ ಒಂದು ಸಾರು, ಒಂದು ಅನ್ನ ಕುದಿಯುವಷ್ಟು ಹೊತ್ತು.

ಡೀಸೆಲ್ಲೂ ಏರಿದ ಮೇಲೆ ನಮ್ಮನೆಯವರು ದಿನಾ ಮನೆಗೆ ಬರುವುದು ನಿಂತಿತು. ಲಾರಿಯ ಮಾಲೀಕ ಖಾಲಿ ಗಾಡಿ ಓಡಿಸಬೇಡಿ ಅಂದಿದ್ದಾನೆ. ಅವರು ವಾರವೆಲ್ಲ ಉಪ್ಪಿನ ಮಡಿಗಳ ಹತ್ತಿರವೇ ಇದ್ದು ಭಾನುವಾರ ಲೋಡು ತುಂಬಿಕೊಂಡು ಬರುತ್ತಾರೆ. ಬಂದಾಗ ಒಮ್ಮೆ ಹೇಳಿದ್ದರು, "ಇಂಜಿನ್ ಒಳಗೂ ಬೆಂಕಿನೇ ಅಲ್ವಾ, ಓಡ್ತಿರೋವಾಗ ದನಿ ಬರುತ್ತೆ, ಒಬ್ಬನೇ ಮಾತಾಡ್ಕೊಂಡು ಹೋಗ್ತೀನಿ ಕಣೇ. ಕೇಳ್ತಾ ಅಂತ ನಾನೇ ಕೇಳ್ತೀನಿ, ಕೇಳ್ತು ಅಂತ ನಾನೇ ಅಂತೀನಿ." ನಗುತ್ತಲೇ ಹೇಳಿದರು. ಅಷ್ಟರಲ್ಲಿ ಅನ್ನ ಕುದಿಯಿತು.

ಉಳಿದ ದಿನಗಳ ಬೆಂಕಿ ಅತ್ತೆಯದು. ಅದನ್ನು ನಾನು ದೂರು ಎಂದು ಹೇಳುತ್ತಿಲ್ಲ. ಹಗಲೆಲ್ಲ ಗೋಡೆ ನೋಡಿಕೊಂಡು ಕೂತ ಜೀವ. ನಾನಾದರೂ ಓಡಾಡುತ್ತೇನೆ, ನೀರಿಗೆ ಹೋಗುತ್ತೇನೆ, ಪಕ್ಕದ ಮನೆಯ ದ್ಯಾವಕ್ಕನ ಇಡ್ಲಿ ಒಲೆಯ ಹತ್ತಿರ ನಾಲ್ಕು ಮಾತು ಕೇಳಿ ಬರುತ್ತೇನೆ. ಅತ್ತೆ ನಾನು ಕಡ್ಡಿ ಗೀರುವುದನ್ನೇ ಕಾದಿರುತ್ತಾರೆ. "ಕೇಳ್ತಾ?"

"ಕೇಳ್ತು ಅತ್ತೆ."

"ಅಯ್ಯೋ, ಈ ಮಂಡಿ ನನ್ನನ್ನ ಉಳಿಸಲ್ಲ ಕಣೇ ಪುಟ್ಟತಾಯಿ. ಎಣ್ಣೆ ಮತ್ತೆ ಏರಿತಂತೆ? ಏನ್ ಕಾಲ ಬಂತಪ್ಪ. ನಮ್ಮ ಕಾಲದಲ್ಲಿ ಬೀದೀಲಿ ನಿಂತು ಜಗಳ ಆಡೋರು, ಅಷ್ಟು ಬೆಂಕಿ ಇತ್ತು. ಲೇ, ಸಾರಿಗೆ ಉಪ್ಪು ಹಾಕಿದ್ಯಾ? ನಿನ್ನೆ ಸಪ್ಪೆ ಇತ್ತು, ಹೇಳೋಣ ಅನ್ನೋಷ್ಟರಲ್ಲಿ ಆರಿಸಿಬಿಟ್ಟೆ."

ಹೀಗೆ ಒಂದೇ ಉಸಿರಿಗೆ. ನಾನು ಹೂಂ ಅನ್ನುತ್ತೇನೆ, ಮನೆಗೆ ಬೇಕಾದ ಒಂದೆರಡು ಮಾತು ನಡುವೆ ತೂರಿಸುತ್ತೇನೆ. ನನ್ನ ಮಗಳು ಚೆಲುವಿ ಅಜ್ಜಿಯ ಪಕ್ಕದಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತಿರುತ್ತಾಳೆ. ಅವಳು ತೆವಳುವ ಕಾಲದಿಂದಲೂ, ಒಲೆ ಉರಿಯುವಾಗ ಏನಾದರೂ ಊಂ ಆಂ ಅಂದರೆ ಅತ್ತೆಯೋ ನಾನೋ ಅವಳ ತುಟಿಯ ಮೇಲೆ ಬೆರಳಿಡುತ್ತಿದ್ದೆವು. ಈ ಬೀದಿಯ ಮನೆಗಳಲ್ಲೆಲ್ಲ ಈಗ ಅದೇ ಪದ್ಧತಿ. ದೊಡ್ಡವರ ಮಾತು ಮುಗಿಯಲಿ, ಬೆಂಕಿ ದಂಡವಾಗುತ್ತದೆ ಎಂದು.

ಚೆಲುವಿಯ ಹೊತ್ತು ಬೇರೆ ಇತ್ತು. ಮಧ್ಯಾಹ್ನ, ಒಲೆ ತಣ್ಣಗಿರುವಾಗ, ಅತ್ತೆ ಮಲಗಿದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಅಂಗೈಯನ್ನು ನನ್ನ ಗಂಟಲ ಮೇಲೆ ಇಡುತ್ತಿದ್ದೆ. ಆಮೇಲೆ ಕಥೆ ಹೇಳುತ್ತಿದ್ದೆ, ಹಾಡುತ್ತಿದ್ದೆ. ದನಿ ನನಗೂ ಕೇಳುತ್ತಿರಲಿಲ್ಲ. ಆದರೆ ಗಂಟಲು ಅದುರುತ್ತದಲ್ಲ, ಅದು ಅವಳ ಕೈಗೆ ತಿಳಿಯುತ್ತಿತ್ತು. ಅವಳು ನನ್ನ ತುಟಿಯನ್ನೇ ನೋಡುತ್ತ, ಅದುರು ಜೋರಾದಾಗ ಕಣ್ಣರಳಿಸುತ್ತಿದ್ದಳು. ಪುಟ್ಟ ಬಾಯಿಯನ್ನು ತಾನೂ ಆಡಿಸುತ್ತಿದ್ದಳು. ಈ ಊರಿನಲ್ಲಿ ಎಲ್ಲ ಮಕ್ಕಳೂ ಹಾಗೆ ಬಾಯಾಡಿಸುತ್ತವೆ, ದೊಡ್ಡವರನ್ನು ನೋಡಿ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕಕ್ಕೆ ಬರುವುದು ಬೆಂಕಿಯ ಮುಂದೆ ಆಡಿದ್ದು. ಚೆಲುವಿಗೆ ನಾಲ್ಕು ತುಂಬುತ್ತ ಬಂದರೂ ಬೆಂಕಿಯ ಮುಂದೆ ಒಂದು ಮಾತೂ ಬಂದಿರಲಿಲ್ಲ. ಅವಳ ಅಳು ನಾನು ಕೇಳಿದ್ದೆ. ಅಮ್ಮ ಅಂದದ್ದು ಕೇಳಿರಲಿಲ್ಲ.

ಶಾಲೆಗೆ ಸೇರಿಸಲು ಹೋದಾಗ ಅದು ದೊಡ್ಡ ಮಾತಾಯಿತು. ಶಾಲೆಯಲ್ಲಿ ಎರಡು ಕೋಣೆ. ಮೊದಲು ಎರಡರಲ್ಲೂ ಒಲೆ ಇರುತ್ತಿತ್ತು. ಈಗ ಮುಂದಿನ ಕೋಣೆಯಲ್ಲಿ ಮಾತ್ರ. ಮಕ್ಕಳ ಮಧ್ಯಾಹ್ನದ ಸಾರು ಅಲ್ಲೇ ನಿಧಾನವಾಗಿ ಕುದಿಯುತ್ತದೆ, ಅದು ಕುದಿಯುವಷ್ಟು ಹೊತ್ತು ಪಾಠ. ಮಾತು ಬಾರದ ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಕೂರಿಸುತ್ತಾರೆ. ಅಲ್ಲಿ ಬೆಂಕಿಯಿಲ್ಲ. ಸ್ಲೇಟು ಕೊಡುತ್ತಾರೆ, ಗೆರೆ ಎಳೆಯಬಹುದು. ಒಮ್ಮೆ ಅಲ್ಲಿ ಕೂತ ಮಕ್ಕಳು ಮುಂದಿನ ಕೋಣೆಗೆ ಬಂದದ್ದನ್ನು ನಾನು ಕಂಡಿಲ್ಲ. ಕೇಳದೆ, ಆಡದೆ ಬರುವುದಾದರೂ ಹೇಗೆ?

ವಾರಿಜಾ ಟೀಚರ್ ಒಳ್ಳೆಯವರು. ಚೆಲುವಿಯನ್ನು ಒಲೆಯ ಹತ್ತಿರವೇ ಕೂರಿಸಿದರು. "ಕೇಳ್ತಾ ಮರಿ? ಹೆಸರೇನು ನಿಂದು?"

ಚೆಲುವಿ ಒಲೆಯನ್ನು ನೋಡಿದಳು, ಟೀಚರನ್ನು ನೋಡಿದಳು. ಆಮೇಲೆ ಕೈ ಚಾಚಿ ಟೀಚರ ತುಟಿಯ ಮೇಲೆ ಬೆರಳಿಟ್ಟಳು. ನನಗೆ ನಾಚಿಕೆಯಾಗಿ ಅವಳ ಕೈ ಎಳೆದುಕೊಂಡೆ.

"ಮನೇಲಿ ಮಾತಾಡ್ತಾಳಾ?"

"ಬಾಯಾಡಿಸ್ತಾಳೆ ಟೀಚರ್."

"ಬಾಯಿ ಎಲ್ಲ ಮಕ್ಕಳೂ ಆಡಿಸ್ತವಮ್ಮ." ಅವರು ಸಾರಿನ ಪಾತ್ರೆ ಇಣುಕಿ ನೋಡಿದರು, ಕುದಿ ಬರುತ್ತಿತ್ತು. "ನೋಡಿ, ಈ ಶುಕ್ರವಾರ ಇನ್ನೊಂದ್ಸಲ ಕರ್ಕೊಂಡು ಬನ್ನಿ. ತನ್ನ ಹೆಸರೊಂದು ಹೇಳಿದ್ರೂ ಸಾಕು, ಮುಂದಿನ ಕೋಣೆಗೆ ಹಾಕ್ಕೋತೀನಿ. ಇಲ್ಲ ಅಂದ್ರೆ ನನ್ನ ಕೈಯಲ್ಲೇನೂ ಇಲ್ಲ. ಇಲ್ಲಿರೋ ಬೆಂಕಿ ಇರೋ ಮಕ್ಕಳಿಗೇ ಸಾಲ್ತಿಲ್ಲ."

ದಾರಿಯಲ್ಲಿ ಚೆಲುವಿ ಗೆಜ್ಜೆ ಕುಣಿಸಿಕೊಂಡು ನನ್ನ ಮುಂದೆ ಮುಂದೆ ಓಡಿದಳು. ನಡುನಡುವೆ ತಿರುಗಿ ನನ್ನನ್ನು ನೋಡಿ ಬಾಯಾಡಿಸುತ್ತಿದ್ದಳು. ಆ ಬಾಯಿಯನ್ನು ನೋಡಲು ನನಗೆ ಅವತ್ತು ಆಗಲಿಲ್ಲ.

ಆ ಸಂಜೆ ಕಡ್ಡಿ ಗೀರುವ ಮೊದಲೇ ಅತ್ತೆಗೆ ಕೈಸನ್ನೆ ಮಾಡಿದ್ದೆ, ಇವತ್ತಿನ ಬೆಂಕಿ ಮಗುವಿಗೆ ಎಂದು. ಅತ್ತೆ ಮುಖ ತಿರುಗಿಸಿದರು. ಒಲೆ ಹೊತ್ತಿದಾಗ ಮಾತ್ರ, ಹಗಲೆಲ್ಲ ಕೂಡಿಟ್ಟ ಮಾತನ್ನು ನುಂಗಿಕೊಂಡು ಸುಮ್ಮನೆ ಕೂತರು. ಅಷ್ಟು ಹೊತ್ತು ಸುಮ್ಮನಿರುವುದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. "ಹೇಳು ಕಂದ, ಚೆಲುವಿ ಅನ್ನು. ಅಮ್ಮ ಅನ್ನು" ಎಂದು ನಾನು ಗೋಗರೆದೆ. ಅವಳು ಎರಡೂ ತುಟಿಯನ್ನು ಬಾಯೊಳಗೆ ಮಡಿಸಿಕೊಂಡು ನನ್ನನ್ನೇ ನೋಡುತ್ತ ಕೂತಳು. ಅನ್ನ ಕುದಿದ ಮೇಲೂ ನಾನು ಬತ್ತಿ ಇಳಿಸಲಿಲ್ಲ. ತಳ ಹಿಡಿದ ವಾಸನೆ ಬಂತು.

"ಬರಿ ಉರಿ!" ಎಂದು ಅತ್ತೆ ಕೊನೆಗೆ ಸಿಡಿದರು. "ಮಗೂಗೆ ಬರೋವಾಗ ಬರುತ್ತೆ. ನಾಳೆ ಊಟಕ್ಕೆ ಏನ್ ಉರಿಸ್ತೀಯೆ?"

ಮರುದಿನ ದ್ಯಾವಕ್ಕನ ಇಡ್ಲಿ ಒಲೆಗೆ ಹೋದೆ. ಇನ್ನೊಬ್ಬರ ಬೆಂಕಿಯಲ್ಲಿ ಮಾತಾಡಬೇಕಾದರೆ ಪಾಲು ಕೊಡಬೇಕು. ಒಂದು ಚಮಚ ಎಣ್ಣೆಯೋ, ಒಂದು ತುಂಡು ಇದ್ದಿಲೋ, ಉರಿಯುವಂಥದ್ದು ಏನಾದರೂ. ನನ್ನಲ್ಲಿ ಏನೂ ಇರಲಿಲ್ಲ. ಅತ್ತೆ ಕೂರುವ ಮಣೆಯ ಒಂದು ಕಾಲು ಮೊದಲೇ ಅಲ್ಲಾಡುತ್ತಿತ್ತು, ಅದನ್ನು ಕಿತ್ತುಕೊಂಡು ಹೋದೆ.

ದ್ಯಾವಕ್ಕ ಅದನ್ನು ತಿರುಗಿಸಿ ನೋಡಿದಳು. "ಇದೇನೇ, ಮಣೆ ಕಾಲಾ? ನಾಳೆ ಬಾಗಿಲು ತರ್ತೀಯೇನೇ?" ಆದರೂ ಒಲೆಗೆ ಹಾಕಿದಳು.

"ಚೆಲುವಿ ಹೆಸರು ಹೇಳ್ಬೇಕು ಅಕ್ಕ. ಜನ ಇರೋ ಕಡೆ, ಮಾತು ಜಾಸ್ತಿ ಇರೋ ಕಡೆ ಬಂದ್ರೆ ಹೇಳ್ತಾಳೇನೋ ಅಂತ."

ಇಡ್ಲಿ ತಿನ್ನುತ್ತಿದ್ದವನೊಬ್ಬ ಚೆಲುವಿಯ ಕೆನ್ನೆ ಚಿವುಟಿದ. "ಬಿಡಮ್ಮ, ಈ ಕಾಲದಲ್ಲಿ ಮಾತಾಡದ ಹೆಣ್ಣು ಸಿಕ್ಕಿದ್ರೆ ಗಂಡಿನ ಮನೆಯೋರು ಅವರೇ ವರದಕ್ಷಿಣೆ ಕೊಡ್ತಾರೆ. ಎಷ್ಟು ಎಣ್ಣೆ ಉಳಿತಾಯ!"

"ನಿನ್ನ ಬಾಯಿ ಮುಚ್ಚೋಕೆ ಎಷ್ಟು ಇಡ್ಲಿ ಬೇಕು ಹೇಳು, ನಾನೇ ಕೊಡ್ತೀನಿ" ಎಂದು ದ್ಯಾವಕ್ಕ ಅವನ ತಟ್ಟೆಗೆ ಚಟ್ನಿ ಸುರಿದಳು. ಎಲ್ಲರೂ ನಕ್ಕರು. ಚೆಲುವಿಯೂ ನಗಲು ಬಾಯಿ ತೆರೆದವಳು ಒಲೆಯತ್ತ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಣೆಯ ಕಾಲು ಉರಿದು ಮುಗಿಯಿತು. ನಾವು ಮನೆಗೆ ಬಂದೆವು. ಅಂದಿನಿಂದ ಅತ್ತೆ ಸೊಟ್ಟಗೆ ಕೂರುತ್ತಾರೆ. ಯಾಕೆ ಎಂದು ಅವರು ಕೇಳಲಿಲ್ಲ.

ಆ ವಾರದ ನಡುವೆ ಬೆಲೆ ಇನ್ನೊಮ್ಮೆ ಏರಿತು. ನಾನು ಡಿಪೋದಿಂದ ಬರಿಗೈಯಲ್ಲಿ ಬಂದೆ. ಕ್ಯಾನಿನ ತಳದಲ್ಲಿದ್ದದ್ದನ್ನು ಒಂದು ಸೀಸೆಗೆ ಬಗ್ಗಿಸಿ ಮೇಲಿನ ಗೂಡಿನಲ್ಲಿಟ್ಟೆ. ಅದು ಭಾನುವಾರದ್ದು, ಅವರು ಬರುವ ದಿನದ್ದು. ಅದನ್ನು ಮುಟ್ಟುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೆ ಹೇಳಬೇಕಾದದ್ದು ನನ್ನಲ್ಲಿ ತುಂಬ ಸೇರಿತ್ತು. ಒಲೆ ಹಚ್ಚದ ಎರಡು ದಿನ ಮೂವರೂ ಅವಲಕ್ಕಿ ತಿಂದೆವು. ಮನೆಯಲ್ಲಿ ಗೆಜ್ಜೆಯ ಸದ್ದೊಂದೇ. ಬೀದಿಯಲ್ಲಿ ಮೊದಲು ಅಗ್ಗಿಷ್ಟಿಕೆ ಹೊತ್ತು ಕೂಗಿಕೊಂಡು ಬರುತ್ತಿದ್ದ ಸೊಪ್ಪಿನವಳು ಈಗ ತಟ್ಟೆ ಬಡಿಯುತ್ತ ಹೋಗುತ್ತಾಳೆ. ಕೆಲವು ಸಲ ನನಗೆ ನನ್ನ ದನಿ ಹೇಗಿತ್ತು ಎಂಬುದೇ ನೆನಪಾಗುವುದಿಲ್ಲ.

ಶಾಲೆಗೆ ಹೋಗಬೇಕಾದ ಬೆಳಿಗ್ಗೆ ನಾನು ಹಿತ್ತಿಲಲ್ಲಿ ದ್ಯಾವಕ್ಕನ ಒಲೆಯ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದೆ. ಚೆಲುವಿ ಬಂದು ಎದುರು ಕುಕ್ಕರಗಾಲಿನಲ್ಲಿ ಕೂತಳು. ಎಂದಿನಂತೆ ಬಾಯಾಡಿಸತೊಡಗಿದಳು. ನಾನು ನೋಡಲಿಲ್ಲ. ಅವಳು ನನ್ನ ಬೂದಿ ಮೆತ್ತಿದ ಕೈಯನ್ನು ಎಳೆದು ತನ್ನ ಗಂಟಲ ಮೇಲೆ ಇಟ್ಟುಕೊಂಡಳು.

ಗಂಟಲು ಅದುರುತ್ತಿತ್ತು. ಸುಮ್ಮನೆ ಬಾಯಾಡಿಸಿದರೆ ಗಂಟಲು ಅದುರುವುದಿಲ್ಲ. ಅದು ಏರುತ್ತಿತ್ತು, ಇಳಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಉಸಿರೆಳೆದುಕೊಳ್ಳಲು ತಡೆದು ಮುಂದುವರಿಯುತ್ತಿತ್ತು. ಅಳುವ ಅದುರಲ್ಲ ಅದು. ನನ್ನ ಮಗಳು ಮಾತಾಡುತ್ತಿದ್ದಳು. ಎಷ್ಟು ದಿನದಿಂದ ಮಾತಾಡುತ್ತಿದ್ದಳೋ! ಒಲೆ ತಣ್ಣಗಿದ್ದಾಗ ಮಾತಾಡಬೇಕು, ಒಲೆ ಹೊತ್ತಿದಾಗ ಸುಮ್ಮನಿರಬೇಕು ಎಂದು ಕಲಿತಿದ್ದಳು. ಅವಳ ಪಾಲಿಗೆ ಬಂದ ಪಾಠ ಅದೊಂದೇ. ಅಮ್ಮ ಕಥೆ ಹೇಳುವುದು ಒಲೆ ಆರಿದಾಗ, ತುಟಿಯ ಮೇಲೆ ಬೆರಳು ಬರುವುದು ಒಲೆ ಉರಿಯುವಾಗ.

ನಾನು ಎದ್ದು ಕೈ ತೊಳೆದುಕೊಳ್ಳದೆ ಒಳಗೆ ಓಡಿದೆ. ಗೂಡಿನಲ್ಲಿದ್ದ ಸೀಸೆಯನ್ನು ಕೈಗೆ ತೆಗೆದುಕೊಂಡೆ. ಒಂದೇ ಒಂದು ಮಾತು, ಈಗಲೇ, ಇಲ್ಲೇ ಕೇಳಬೇಕು ಅನ್ನಿಸಿತು. ಆಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಚ್ಚಿದರೆ ಇಲ್ಲಿಗೇ ಮುಗಿಯುತ್ತದೆ, ಭಾನುವಾರಕ್ಕೆ ಏನೂ ಉಳಿಯುವುದಿಲ್ಲ. ಅಲ್ಲದೆ ಅವಳು ಬೆಂಕಿ ಕಂಡರೆ ಬಾಯಿ ಮುಚ್ಚುತ್ತಾಳೆ. ಸೀಸೆಯನ್ನು ಅಲ್ಲೇ ಇಟ್ಟು ಮಗುವಿಗೆ ತಲೆ ಬಾಚಿದೆ.

ಶಾಲೆಯಲ್ಲಿ ಸಾರಿನ ಪಾತ್ರೆ ಒಲೆಯ ಮೇಲಿತ್ತು. ಮಕ್ಕಳು ಮಗ್ಗಿ ಹೇಳುತ್ತಿದ್ದರು. ಬಾಗಿಲು ದಾಟಿದ ಕೂಡಲೇ ಅಷ್ಟೂ ದನಿಗಳು ಒಟ್ಟಿಗೆ ಮೈಮೇಲೆ ಬಿದ್ದಂತಾಯಿತು. ಚೆಲುವಿ ನನ್ನ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು.

"ಕೇಳ್ತಾ ಟೀಚರ್? ಒಂದು ಮಾತು. ಒಲೆ ಆರಿಸ್ತೀರಾ?"

"ಕೇಳ್ತು. ಏನಂದ್ರಿ? ಆರಿಸೋದಾ?"

"ಸ್ವಲ್ಪ ಹೊತ್ತು ಆರಿಸಿ. ಇವಳು ನನ್ನ ತೊಡೆ ಮೇಲೆ ಕೂತು ನನ್ನ ಕಡೆ ಮುಖ ಮಾಡಿರ್ತಾಳೆ. ನಾನು ಕಣ್ಣು ಮಿಟುಕಿಸಿದಾಗ ಅವಳ ಬೆನ್ನ ಹಿಂದೆ ಮೆಲ್ಲಗೆ ಹಚ್ಚಿ. ಅವಳಿಗೆ ಕಾಣಬಾರದು. ಇವಳು ಬೆಂಕಿಗೆ ಬಾಯಿ ಬಿಡಲ್ಲ ಟೀಚರ್, ಮನೇಲಿ ಹಾಗೆ ಅಭ್ಯಾಸ ಆಗಿದೆ."

ವಾರಿಜಾ ಟೀಚರ್ ಸೆರಗಿನಿಂದ ಪಾತ್ರೆ ಹಿಡಿದು ಇಳಿಸಿ ಬತ್ತಿ ಇಳಿಸಿದರು. ಮಗ್ಗಿ ಅರ್ಧದಲ್ಲಿ ಮಾಯವಾಯಿತು, ಮಕ್ಕಳ ಬಾಯಿಗಳು ಮಾತ್ರ ಆಡುತ್ತ ಉಳಿದವು.

ನಾನು ಒಲೆಗೆ ಎದುರಾಗಿ ನೆಲದ ಮೇಲೆ ಕೂತೆ. ಚೆಲುವಿ ಬೆಂಕಿಗೆ ಬೆನ್ನು ಮಾಡಿ ನನ್ನ ತೊಡೆಯ ಮೇಲೆ. ಅವಳ ಕೈಯನ್ನು ನನ್ನ ಗಂಟಲ ಮೇಲಿಟ್ಟುಕೊಂಡು ಬಾಯಾಡಿಸಿ ಒಂದು ಕಥೆ ಶುರು ಮಾಡಿದೆ. ಅವಳು ಎಂದಿನಂತೆ ಕಣ್ಣರಳಿಸಿದಳು. ನಾನು ನಿಲ್ಲಿಸಿ ನನ್ನ ಕೈಯನ್ನು ಅವಳ ಗಂಟಲಿಗಿಟ್ಟೆ. ಈಗ ನಿನ್ನ ಸರದಿ ಎಂದು ಹುಬ್ಬು ಏರಿಸಿದೆ. ತುಟಿ ಆಡಿತು. ಬೆರಳಿನ ಕೆಳಗೆ ಆ ಅದುರು ಬಂತು. ನಾನು ಕಣ್ಣು ಮಿಟುಕಿಸಿದೆ. ಅವಳ ಬೆನ್ನ ಹಿಂದೆ ಕಡ್ಡಿ ಗೀರಿದ ಸದ್ದು.

"...ಮಂಡಿ ನನ್ನನ್ನ ಉಳಿಸಲ್ಲ ಕಣೇ. ಎಣ್ಣೆ ಮತ್ತೆ ಏರಿತಂತೆ. ಏನ್ ಕಾಲ ಬಂತಪ್ಪ. ಸಾರಿಗೆ ಉಪ್ಪು ಹಾಕಿದ್ಯಾ?"

ತೆಳ್ಳಗಿನ, ಸ್ವಲ್ಪ ಒಡಕು ದನಿ. ರ ಬರುತ್ತಿರಲಿಲ್ಲ, ಸಾಲಿಗೆ ಅಂದಳು. ನಾನು ಅದನ್ನು ಇಲ್ಲಿ ಸರಿಯಾಗಿಯೇ ಬರೆದಿದ್ದೇನೆ, ಅವಳು ದೊಡ್ಡವಳಾಗಿ ಓದಿದರೆ ನಾಚಿಕೊಳ್ಳಬಾರದು ಎಂದು. ಟೀಚರ್ ಸೆರಗನ್ನು ಬಾಯಿಗೆ ಒತ್ತಿ ನಗು ತಡೆಯುತ್ತಿದ್ದರು. ಹಿಂದೆ ಕೂತಿದ್ದ ಮಕ್ಕಳು ತಡೆಯಲಿಲ್ಲ. ಅವಳಿಗೆ ಅದು ಯಾವುದೂ ಗೊತ್ತಾದಂತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಹೇಳುತ್ತಿದ್ದಳು. ಕಾಗೆ ಬಂತು ಅಂದಳು. ಅಜ್ಜಿ ಸೊಟ್ಟ ಕೂತಿದ್ದಾಳೆ ಅಂದಳು. ಚೆಲುವಿ ಜಾಣೆ, ಚೆಲುವಿಗೆ ಬೆಲ್ಲ ಕೊಡು ಅಂದಳು. ಆಮೇಲೆ ಕೈಯಿಂದ ನನ್ನ ಕೆನ್ನೆ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, "ಅಮ್ಮ, ಕೇಳ್ತಾ?" ಅಂದಳು.

ಉತ್ತರ ಕೊಡುವುದು ನಮ್ಮ ಊರಿನ ಪದ್ಧತಿ. ನನಗೆ ದನಿ ಹೊರಡಲಿಲ್ಲ. ಬೆಂಕಿ ಇತ್ತು, ಬಾಯಿ ತೆರೆದಿತ್ತು, ಆದರೂ ಹೊರಡಲಿಲ್ಲ. ಅವಳು ಇನ್ನೊಮ್ಮೆ, ಜೋರಾಗಿ, "ಅಮ್ಮ, ಕೇಳ್ತಾ?" ಅಂದಳು. ಅಂದವಳಿಗೆ ತನ್ನ ದನಿಯೇ ಕಿವಿಗೆ ಬಿದ್ದಿರಬೇಕು. ಬೆಚ್ಚಿ ತಿರುಗಿದಳು. ಬೆಂಕಿ ಕಂಡಿತು. ತಟ್ಟನೆ ಬೆರಳು ತುಟಿಗೆ ಹೋಯಿತು.

ನಾನು ಆ ಬೆರಳನ್ನು ಹಿಡಿದು ಕೆಳಗಿಳಿಸಿದೆ. "ಕೇಳ್ತು" ಅಂದೆ. "ಕೇಳ್ತು ಕಂದ, ಕೇಳ್ತು."

ವಾರಿಜಾ ಟೀಚರ್ ಸಾರಿನ ಪಾತ್ರೆಯನ್ನು ಮತ್ತೆ ಒಲೆಗಿಟ್ಟರು. ಹೆಸರು ಹೇಳಿದಳಲ್ಲ, ಸಾಕು ಅಂದರು. ಹಾಗೆ ಅಂದವರು ಹಿಂದಿನ ಕೋಣೆಯ ಬಾಗಿಲನ್ನೇ ನೋಡುತ್ತ ನಿಂತರು. ಅಲ್ಲಿ ಸ್ಲೇಟು ಹಿಡಿದ ಮಕ್ಕಳು ಕಾಣುತ್ತಿದ್ದರು. ಎಲ್ಲರ ಬಾಯಿಯೂ ಆಡುತ್ತಿತ್ತು. ಟೀಚರ್ ಸೌಟು ಹಿಡಿದುಕೊಂಡೇ ಆ ಕೋಣೆಗೆ ಹೋಗಿ, ಒಂದು ಹುಡುಗಿಯ ಮುಂದೆ ಕುಕ್ಕರಿಸಿ, ಅವಳ ಗಂಟಲ ಮೇಲೆ ಕೈಯಿಟ್ಟರು. ಮುಂದಿನದನ್ನು ನಾನು ನೋಡಲಿಲ್ಲ. ಸಾರು ಉಕ್ಕಿತು, ಅದನ್ನು ಇಳಿಸಿ ಬಂದೆ.

ಈಗ ಚೆಲುವಿ ದಿನಾ ಮುಂದಿನ ಕೋಣೆಯಲ್ಲಿ ಕೂರುತ್ತಾಳೆ. ಅಲ್ಲಿ ಮಾತಾಡುತ್ತಾಳಂತೆ, ಮಗ್ಗಿ ಹೇಳುತ್ತಾಳಂತೆ, ಟೀಚರಿಗೆ ಮಂಡಿ ನೋವಿಗೆ ಔಷಧ ಹೇಳುತ್ತಾಳಂತೆ. ಸಾರು ಕುದಿಯುವಷ್ಟು ಹೊತ್ತು ಅವಳ ದನಿ ಆ ಕೋಣೆಯದು. ನಾನು ಇಲ್ಲಿ ಕೂತು ಅವಲಕ್ಕಿಯ ಕಲ್ಲು ಆರಿಸುತ್ತೇನೆ. ಮನೆಯಲ್ಲಿ ಗೆಜ್ಜೆಯ ಸದ್ದೂ ಇಲ್ಲ. ಮಧ್ಯಾಹ್ನದ ಹೊತ್ತು ನನ್ನ ಕೈ ಸುಮ್ಮನೆ ನನ್ನ ಗಂಟಲಿಗೆ ಹೋಗುತ್ತದೆ.

ಮೊನ್ನೆ ಭಾನುವಾರ ನಮ್ಮನೆಯವರು ಬಂದರು. ಮುಖದಲ್ಲೆಲ್ಲ ಉಪ್ಪಿನ ಬಿಳಿ, ಹುಬ್ಬಿನ ಮೇಲೂ. ಕೈಕಾಲು ತೊಳೆದು ಒಲೆಯ ಹತ್ತಿರ ಬಂದು ಕೂತರು. ನಾನು ಸೀಸೆಯಲ್ಲಿದ್ದಷ್ಟನ್ನೂ ಸ್ಟವ್ವಿಗೆ ಬಗ್ಗಿಸಿದೆ. ವಾರವಿಡೀ, ಬಟ್ಟೆ ಹಿಂಡುವಾಗ, ನೀರು ಸೇದುವಾಗ, ಅವರಿಗೆ ಹೇಳಬೇಕಾದ್ದನ್ನು ಅತ್ತೆಯ ಹಾಗೆ ಬಾಯಲ್ಲಿ ತಿರುಗಿಸಿ ಇಟ್ಟುಕೊಂಡಿದ್ದೆ. ಮನೆ ಹೇಗಿರುತ್ತದೆ ನೀವಿಲ್ಲದಾಗ, ಸಂಜೆ ಕಳೆಯುವುದು ಎಷ್ಟು ಕಷ್ಟ, ನನ್ನ ದನಿ ನನಗೇ ಮರೆಯುತ್ತಿದೆ, ಆ ಮಾಲೀಕನಿಗೆ ಹೇಳಿ ನಡುವೆ ಒಂದು ದಿನವಾದರೂ ಬರಲು ಆಗುವುದಿಲ್ಲವೇ. ಕಡ್ಡಿ ಗೀರಿದೆ.

"ಕೇಳ್ತಾ?" ಅಂದರು ಅವರು.

"ಕೇಳ್ತು" ಅಂದೆವು ಅತ್ತೆ, ನಾನು. ಮೂರನೆಯ ದನಿಯೊಂದು ತಡವಾಗಿ, ಬೆರಳನ್ನು ತುಟಿಯಿಂದ ಅರ್ಧ ತೆಗೆದು, "ಕೇಳ್ತು" ಅಂದಿತು.

ಅವರು ಗಾಬರಿಯಾದವರಂತೆ ನನ್ನನ್ನು ನೋಡಿದರು. ಹೇಗೆ, ಯಾವಾಗ ಎಂದು ಕೇಳಲು ಬಾಯಿ ತೆರೆದರು. ನಾನು ಹೇಳಲು ಹೋಗಲಿಲ್ಲ. ಚೆಲುವಿಯನ್ನು ಅವರ ಮುಂದಕ್ಕೆ ದಬ್ಬಿದೆ. ಅತ್ತೆ ನನ್ನತ್ತ ನೋಡಿದರು, ಕೂಡಿಟ್ಟ ಮಾತನ್ನೆಲ್ಲ ನುಂಗಿ, ಸೊಟ್ಟ ಮಣೆಯ ಮೇಲೆ ಸರಿದು ಕೂತರು. ಚೆಲುವಿ ಮಾತಾಡಿದಳು. ಮೊದಲು ಒಲೆಯನ್ನು ನೋಡಿ ನೋಡಿ, ಆಮೇಲೆ ಅದನ್ನು ಮರೆತು. ಶಾಲೆ, ಸೌಟು, ಕಾಗೆ, ಎಣ್ಣೆ ಏರಿದ್ದು. ಅಪ್ಪನ ಹುಬ್ಬಿನ ಉಪ್ಪನ್ನು ಬೆರಳಿನಿಂದ ಒರೆಸಿ ನೆಕ್ಕಿ, "ಸಾರಿಗೆ ಸಾಕು" ಅಂದಳು. ಅವರು ನಕ್ಕರು. ಎಷ್ಟು ತಿಂಗಳ ಮೇಲೆ ಆ ನಗು ಕೇಳಿದೆನೋ. ಅನ್ನ ಕುದಿಯಿತು. ನಾನು ಪಾತ್ರೆ ಇಳಿಸಿ ಕಂಬಳಿಯಲ್ಲಿ ಸುತ್ತಿದೆ. ಬತ್ತಿ ಇಳಿಸಲಿಲ್ಲ. "ಬರಿ ಉರಿ" ಎಂದು ಅತ್ತೆ ಮೆಲ್ಲಗೆ ಅಂದರು, ಈ ಸಲ ಬೈದದ್ದಲ್ಲ.

ಅವಳ ಒಂದು ಮಾತಿನ ನಡುವೆ ಉರಿ ಕುಗ್ಗಿ, ನೀಲಿಯಾಗಿ, ಆರಿತು. ಅವಳ ಬಾಯಿ ಮಾತ್ರ ಆಡುತ್ತಲೇ ಇತ್ತು. ಅವಳಿಗೆ ಅದರಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ಅತ್ತೆ ಅವಳನ್ನು ಊಟಕ್ಕೆ ಎಬ್ಬಿಸಿಕೊಂಡು ಹೋದರು. ನಾವಿಬ್ಬರೂ ತಣ್ಣಗಾಗುತ್ತಿದ್ದ ಒಲೆಯ ಎರಡು ಪಕ್ಕದಲ್ಲಿ ಉಳಿದೆವು. ಅವರು ನನ್ನ ಕಡೆ ತಿರುಗಿ, ಇನ್ನು ನೀನು ಎಂಬಂತೆ ತಲೆಯಾಡಿಸಿದರು. ನಾನು ಖಾಲಿ ಸೀಸೆ ತೋರಿಸಿದೆ. ಅವರು ಅದನ್ನು ನೋಡಲಿಲ್ಲ. ಹತ್ತಿರ ಸರಿದು, ಸ್ಟಿಯರಿಂಗ್ ಹಿಡಿದು ಒರಟಾದ ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟರು. ಭಾನುವಾರದ ಮಧ್ಯಾಹ್ನಗಳಲ್ಲಿ ಮಗಳು ಹಾಗೆ ಮಾಡುವುದನ್ನು ನೋಡಿದ್ದರು. ನಾನು ಹೇಳಿದೆ. ಡಿಪೋದ ಸಾಲು, ಮಣೆಯ ಕಾಲು, ಸದ್ದಿಲ್ಲದ ಮಧ್ಯಾಹ್ನ, ಮಾಲೀಕನಿಗೆ ಕೇಳಬೇಕಾದದ್ದು, ಕೂಡಿಟ್ಟದ್ದಷ್ಟನ್ನೂ ಅವಸರವಿಲ್ಲದೆ ಹೇಳಿದೆ. ಕೊನೆಯಲ್ಲಿ ಕೇಳ್ತಾ ಅಂದೆ. ಅವರು ಹೌದು ಎಂದು ತಲೆಯಾಡಿಸಿದರು. ಕೇಳಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗೈ ಮಾತ್ರ ತೆಗೆಯಲಿಲ್ಲ.